ಮೇಲ್ ಕಳಿಸಿದವರ ಜಾತಕ ನೋಡುವ ಬಗೆ

ಅಮೆರಿಕದ ಫ್ಲಾರಿಡಾದ ಗಣಿತಜ್ಞ ಜ್ಯಾಕರಿ ಹ್ಯಾರಿಸ್‌ಗೆ ಗೂಗಲ್‌ನ ನೇಮಕಾತಿ ವಿಭಾಗದಿಂದ ಒಂದು ಇಮೇಲ್ ಬಂತು. ನಮ್ಮಲ್ಲಿ ಕೆಲಸಕ್ಕೆ ಸೇರುತ್ತೀರಾ ಎಂದು ಕೇಳಿದ್ದರು. ಹುದ್ದೆಗೂ ತನಗೂ ಹೊಂದಿಕೆಯಾಗದ್ದು ಕಂಡು ಹ್ಯಾರಿಸ್‌ಗೆ ಅನುಮಾನವಾಯಿತು. ಯಾರೋ ಗೂಗಲ್ ಹೆಸರಿನಲ್ಲಿ ಆಟವಾಡುತ್ತಿರಬಹುದೆಂದು ಮೇಲ್‌ನ ಒಳವಿವರ ತೆರೆದು, ಅದರ ಡಿಜಿಟಲ್ ಸಹಿಯ ಕೀಯನ್ನು ಹುಡುಕಿ ನೋಡಿದರು. ಕೀ ಇದ್ದದ್ದು ಬರೀ 512 ಬಿಟ್! ಇದು ತನ್ನ ಬುದ್ಧಿ ಅಳೆಯಲು ಇಟ್ಟ ಪರೀಕ್ಷೆಯೇ ಇರಬೇಕೆಂದುಕೊಂಡ ಹ್ಯಾರಿಸ್, ಅದನ್ನು ಭೇದಿಸಿ ಗೂಗಲ್ ಸ್ಥಾಪಕರಾದ ಲ್ಯಾರಿ ಪೇಜ್ ಮತ್ತು ಸೆರ್ಗೆಯ್ ಬ್ರಿನ್‌ಗೆ ಒಬ್ಬರ ಹೆಸರಿನಲ್ಲಿ ಇನ್ನೊಬ್ಬರಿಗೆ ಮೇಲ್ ಕಳಿಸಿದರು. ಉತ್ತರ ಬರಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ ಗೂಗಲ್‌ನ ಕೀ ಸದ್ದಿಲ್ಲದೆ 2048 ಬಿಟ್‌ಗೆ ಬದಲಾಗಿತ್ತು. 2012ರ ಅಕ್ಟೋಬರ್‌ನಲ್ಲಿ ‘ವೈರ್ಡ್’ ಪತ್ರಿಕೆ ಈ ಕತೆಯನ್ನು ಪ್ರಕಟಿಸಿತು.

ಕೀ ಮುರಿಯಲು ಗಣಿತ ಬೇಕಾಯಿತು, ಸರಿ. ಆದರೆ ಕೀ ದುರ್ಬಲವಾಗಿದೆ ಎಂದು ತಿಳಿಯಲು ಏನೂ ಬೇಕಿರಲಿಲ್ಲ. ಅದು ಡಿಎನ್‌ಎಸ್‌ನಲ್ಲಿ, ಕೇಳಿದವರಿಗೆಲ್ಲ ಸಿಗುವಂತೆ ಇತ್ತು. ಡೊಮೇನ್ ಹೆಸರು ಕೊಟ್ಟರೆ ಅದರ ಸರ್ವರ್ ವಿಳಾಸ ಹೇಳುವ ಈ ವ್ಯವಸ್ಥೆಯನ್ನು ಪಾಲ್ ಮೊಕಪೆಟ್ರಿಸ್ 1983ರಲ್ಲಿ ರೂಪಿಸಿದರು. ಅದಕ್ಕೂ ಒಂದು ವರ್ಷ ಹಿಂದೆ ಬಂದ ಇಮೇಲ್ ಸಾಗಾಟದ ನಿಯಮದಲ್ಲಿ ಕಳಿಸುವವರ ಗುರುತು ಪರೀಕ್ಷಿಸುವ ಏರ್ಪಾಡೇ ಇರಲಿಲ್ಲ. ಅಂಚೆ ಕವರಿನ ಮೇಲೆ ‘ಇಂದ’ ಎಂದು ಯಾರ ಹೆಸರನ್ನಾದರೂ ಬರೆದು ಡಬ್ಬಿಗೆ ಹಾಕಬಹುದಲ್ಲ, ಹಾಗೆ. ಆ ಕೊರತೆ ತುಂಬಲು ಆಮೇಲೆ ಸೇರಿಸಿದ್ದೆಲ್ಲ ಬಹುಪಾಲು ಡಿಎನ್‌ಎಸ್‌ನಲ್ಲೇ ಕೂತಿದೆ. ಪಾಸ್‌ವರ್ಡ್ ಬೇಡ, ಯಾರ ಅನುಮತಿಯೂ ಬೇಡ.

ಮೊದಲು ಒಳವಿವರ ತೆರೆಯಿರಿ

‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಮುಂದಿನ ಪೇಮೆಂಟ್ ಈ ಹೊಸ ಖಾತೆಗೆ ಹಾಕಿ’ ಎಂಬ ಮೇಲ್ ಪೀಣ್ಯದ ಸಣ್ಣ ಕಾರ್ಖಾನೆಗೂ ಬರುತ್ತದೆ, ದೊಡ್ಡ ಕಂಪನಿಗೂ ಬರುತ್ತದೆ. ಇಂಥದ್ದೊಂದು ಬಂದಾಗ ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಮೇಲ್‌ನ ಬಲತುದಿಯ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ಆಯ್ದುಕೊಳ್ಳಬೇಕು. ಮೇಲ್ಭಾಗದಲ್ಲೇ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಸಾಲು, ಪಕ್ಕದಲ್ಲಿ ‘ಪಾಸ್’ ಅಥವಾ ‘ಫೇಲ್’. ಬಹಳ ಜನ ‘ಪಾಸ್’ ಕಂಡು ಅಲ್ಲಿಗೇ ಮುಗಿಸುತ್ತಾರೆ. ತಪ್ಪುವುದು ಅಲ್ಲೇ. ಪಾಸ್ ಆಗಿದ್ದು ಯಾವ ಡೊಮೇನ್ ಎಂದು ನೋಡದಿದ್ದರೆ ಆ ಪದಕ್ಕೆ ಬೆಲೆಯೇ ಇಲ್ಲ.

ಹಾಗಾಗಿ ನಾಲ್ಕು ವಿವರ ಬರೆದಿಟ್ಟುಕೊಳ್ಳಬೇಕು. ‘ಫ್ರಮ್’ ಸಾಲಿನ ಡೊಮೇನ್, ‘ರಿಟರ್ನ್ ಪಾತ್’ ಸಾಲಿನ ಡೊಮೇನ್, ಡಿಕಿಮ್ ಸಹಿಯಲ್ಲಿ ‘ಡಿ=’ ಮತ್ತು ‘ಎಸ್=’ ಮುಂದೆ ಇರುವ ಪದಗಳು, ಮತ್ತು ಮೇಲ್ ತಂದುಕೊಟ್ಟ ಸರ್ವರ್‌ನ ಐಪಿ ವಿಳಾಸ. ಐಪಿ ಹುಡುಕುವಾಗ ಜೋಪಾನ. ‘ರಿಸೀವ್ಡ್’ ಎಂಬ ಸಾಲುಗಳು ಹಲವು ಇರುತ್ತವೆ. ಕೆಳಗಿನವನ್ನು ಮೋಸಗಾರರೇ ಬರೆದು ಸೇರಿಸಿರಬಹುದು; ನಮ್ಮದೇ ಮೇಲ್ ಸೇವೆ ಬರೆದ ಮೇಲಿನ ಸಾಲುಗಳನ್ನು ಮಾತ್ರ ನಂಬಬೇಕು.

ಡೊಮೇನ್ ಹೆಸರನ್ನು ಯಾವಾಗಲೂ ಬಲದಿಂದ ಎಡಕ್ಕೆ ಓದುವುದು ಕ್ಷೇಮ. ಭಾರತದ ಬ್ಯಾಂಕುಗಳಿಗೆಂದೇ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂಬ ಡೊಮೇನ್ ತರುವುದಾಗಿ ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿತು. ಬ್ಯಾಂಕುಗಳಿಗೆ ಆ ವರ್ಷದ ಅಕ್ಟೋಬರ್ 31ರ ಗಡುವು ಕೊಟ್ಟಿತು. ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆಯೊಂದೇ ಈ ಹೆಸರು ಕೊಡುವುದು, ಅದೂ ಬ್ಯಾಂಕುಗಳಿಗೆ ಮಾತ್ರ. ಆದರೆ ‘ಬ್ಯಾಂಕ್ ಡಾಟ್ ಇನ್’ ಎಂಬುದು ಹೆಸರಿನ ನಡುವೆ ಬಂದು, ಕೊನೆಗೆ ಬೇರೇನೋ ಇದ್ದರೆ ಅದು ಬ್ಯಾಂಕಿನದ್ದಲ್ಲ.

ಡಿಎನ್‌ಎಸ್ ಅನ್ನು ಕೇಳುವುದು

ವಿಂಡೋಸ್ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದರೆ ‘ಎನ್‌ಎಸ್‌ಲುಕಪ್’ ಎಂಬ ಆಜ್ಞೆ ಮೊದಲಿಂದಲೂ ಇದೆ. ಲಿನಕ್ಸ್ ಬಳಸುವವರಿಗೆ ‘ಡಿಗ್’ ಗೊತ್ತೇ ಇರುತ್ತದೆ. ಆಜ್ಞೆ ಟೈಪ್ ಮಾಡುವ ಗೋಜು ಬೇಡವೆನ್ನುವವರು ಗೂಗಲ್ ಅಡ್ಮಿನ್ ಟೂಲ್‌ಬಾಕ್ಸ್ ಅಥವಾ ಎಂಎಕ್ಸ್‌ಟೂಲ್‌ಬಾಕ್ಸ್ ಜಾಲತಾಣಕ್ಕೆ ಹೋಗಿ, ಡೊಮೇನ್ ಬರೆದು ‘ಟಿಎಕ್ಸ್‌ಟಿ’ ಎಂಬ ದಾಖಲೆಯ ಬಗೆ ಆಯ್ದರೆ ಸಾಕು.

ಅಭ್ಯಾಸಕ್ಕೆ ‘ಎಕ್ಸಾಂಪಲ್ ಡಾಟ್ ಕಾಮ್’ ಚೆನ್ನಾಗಿದೆ. ಉದಾಹರಣೆ ಕೊಡುವುದಕ್ಕೆಂದೇ ಮೀಸಲಿಟ್ಟ ಈ ಡೊಮೇನ್‌ನಿಂದ ಯಾರೂ ಮೇಲ್ ಕಳಿಸುವುದಿಲ್ಲ. ಅದರ ಟಿಎಕ್ಸ್‌ಟಿ ದಾಖಲೆಯಲ್ಲಿ ‘ವಿ=ಎಸ್‌ಪಿಎಫ್1 -ಆಲ್’ ಎಂಬ ಚುಟುಕು ಸಾಲು ಸಿಗುತ್ತದೆ (ತೆರೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ). ಎಸ್‌ಪಿಎಫ್ ಎಂದರೆ ಈ ಡೊಮೇನ್ ಹೆಸರಿನಲ್ಲಿ ಯಾವ ಯಾವ ಸರ್ವರ್ ಮೇಲ್ ಕಳಿಸಬಹುದು ಎಂಬ ಪಟ್ಟಿ. ಇಲ್ಲಿ ಪಟ್ಟಿ ಖಾಲಿ, ಕೊನೆಗೆ ಮೈನಸ್ ಚಿಹ್ನೆಯ ‘ಆಲ್’. ಅಂದರೆ ಯಾರಿಗೂ ಅನುಮತಿ ಇಲ್ಲ, ಬಂದರೆ ತಳ್ಳಿಹಾಕಿ.

ಆ ‘ಆಲ್’ ಹಿಂದಿನ ಚಿಹ್ನೆಯೇ ಕಳಿಸುವವರ ಶಿಸ್ತನ್ನು ಹೇಳುತ್ತದೆ. ಮೈನಸ್ ಇದ್ದರೆ ಖಡಾಖಂಡಿತ. ಅಲೆಯಂಥ ಗೆರೆ ಇದ್ದರೆ ‘ಅನುಮಾನಿಸಿ, ಆದರೆ ಎಸೆಯಬೇಡಿ’. ಗೂಗಲ್ ಡಾಟ್ ಕಾಮ್‌ನದು ಇದೇ ಬಗೆ. ಪ್ರಶ್ನಾರ್ಥಕ ಇದ್ದರೆ ತಮ್ಮ ಸರ್ವರ್ ಬಗ್ಗೆ ತಮಗೇ ಗೊತ್ತಿಲ್ಲವೆಂದಂತೆ. ಪ್ಲಸ್ ಇದ್ದರೆ ಜಗತ್ತಿನ ಯಾವ ಕಂಪ್ಯೂಟರ್ ಬೇಕಾದರೂ ಇವರ ಹೆಸರಿನಲ್ಲಿ ಕಳಿಸಬಹುದು. ಹಾಗೆ ಬರೆದಿರುವವರು ಅರಿಯದವರಿರಬೇಕು, ಇಲ್ಲವೇ ಕಳ್ಳರಿರಬೇಕು. ಎರಡಾದರೂ ದೂರ ಇರುವುದು ಲೇಸು.

ಎಸ್‌ಪಿಎಫ್‌ನಲ್ಲಿ ಒಂದು ಸೂಕ್ಷ್ಮವಿದೆ. ಅದು ಪರೀಕ್ಷಿಸುವುದು ಓದುಗರ ಕಣ್ಣಿಗೆ ಬೀಳುವ ‘ಫ್ರಮ್’ ವಿಳಾಸವನ್ನಲ್ಲ, ತೆರೆಮರೆಯ ‘ರಿಟರ್ನ್ ಪಾತ್’ ಅನ್ನು. ಕಳ್ಳರು ಫ್ರಮ್‌ನಲ್ಲಿ ಬ್ಯಾಂಕಿನ ಹೆಸರು ಹಾಕಿ, ರಿಟರ್ನ್ ಪಾತ್‌ನಲ್ಲಿ ತಮ್ಮದೇ ಡೊಮೇನ್ ಇಟ್ಟರೂ ಎಸ್‌ಪಿಎಫ್ ‘ಪಾಸ್’ ಎನ್ನುತ್ತದೆ!

ಡಿಕಿಮ್ ಎಂದರೆ ಹ್ಯಾರಿಸ್ ಭೇದಿಸಿದಂಥ ಡಿಜಿಟಲ್ ಸಹಿ. ಅದನ್ನು ನೋಡಲು ಸಹಿಯಲ್ಲಿದ್ದ ‘ಎಸ್=’ ಪದ ಬೇಕು. ಇದಕ್ಕೆ ಸೆಲೆಕ್ಟರ್ ಎಂದು ಹೆಸರು. ಅದನ್ನು ಬರೆದು, ಚುಕ್ಕಿ ಇಟ್ಟು, ಅಂಡರ್‌ಸ್ಕೋರ್ ‘ಡೊಮೇನ್‌ಕೀ’ ಎಂದು ಸೇರಿಸಿ, ಮತ್ತೆ ಚುಕ್ಕಿ ಇಟ್ಟು, ‘ಡಿ=’ಯಲ್ಲಿದ್ದ ಡೊಮೇನ್ ಬರೆದು ಟಿಎಕ್ಸ್‌ಟಿ ಕೇಳಬೇಕು. ಜಿಮೇಲ್ ಪತ್ರಗಳ ಸೆಲೆಕ್ಟರ್ ‘20230601’ ಎಂಬಂಥದ್ದು, ಬರೀ ತಾರೀಖು. ಗೂಗಲ್ ಆಗಾಗ ಕೀ ಬದಲಾಯಿಸುತ್ತದೆ ಎಂಬುದಕ್ಕೆ ಅದೇ ಸುಳಿವು. ಉತ್ತರದಲ್ಲಿ ‘ಪಿ=’ ಮುಂದೆ ಬರುವ ಉದ್ದನೆಯ ಅಕ್ಷರಮಾಲೆಯೇ ಕೀ. ‘ಪಿ=’ ಮುಂದೆ ಏನೂ ಇಲ್ಲದಿದ್ದರೆ ಆ ಕೀಯನ್ನು ರದ್ದು ಮಾಡಿದ್ದಾರೆಂದು ಅರ್ಥ. 2018ರ ನಿಯಮದ ಪ್ರಕಾರ ಆರ್‌ಎಸ್‌ಎ ಕೀ 1024 ಬಿಟ್‌ಗಿಂತ ಕಡಿಮೆ ಇರುವಂತಿಲ್ಲ, 2048 ಇದ್ದರೆ ಒಳ್ಳೆಯದು. ಎಷ್ಟು ಬಿಟ್ ಎಂದು ಎಂಎಕ್ಸ್‌ಟೂಲ್‌ಬಾಕ್ಸ್‌ನಂಥ ತಾಣಗಳೇ ಎಣಿಸಿ ಹೇಳುತ್ತವೆ.

ಇವೆರಡನ್ನೂ ‘ಫ್ರಮ್’ ವಿಳಾಸಕ್ಕೆ ಗಂಟು ಹಾಕುವುದು ಡಿಮಾರ್ಕ್. ಡೊಮೇನ್ ಹಿಂದೆ ಅಂಡರ್‌ಸ್ಕೋರ್ ‘ಡಿಮಾರ್ಕ್’ ಮತ್ತು ಚುಕ್ಕಿ ಸೇರಿಸಿ ಕೇಳಿದರೆ, ತಮ್ಮ ಹೆಸರಿನ ನಕಲಿ ಮೇಲ್ ಬಂದರೆ ಏನು ಮಾಡಬೇಕೆಂದು ಡೊಮೇನ್ ಮಾಲೀಕರು ಹೇಳಿರುವುದು ಸಿಗುತ್ತದೆ. ‘ಪಿ=ರಿಜೆಕ್ಟ್’ ಎಂದರೆ ಬಾಗಿಲಲ್ಲೇ ವಾಪಸ್, ‘ಕ್ವಾರಂಟೈನ್’ ಎಂದರೆ ಸ್ಪ್ಯಾಮ್ ಡಬ್ಬಿಗೆ, ‘ನನ್’ ಎಂದರೆ ಸುಮ್ಮನೆ ವರದಿ ಕಳಿಸಿ. 2014ರ ಏಪ್ರಿಲ್‌ನಲ್ಲಿ ಯಾಹೂ ಏಕಾಏಕಿ ‘ರಿಜೆಕ್ಟ್’ಗೆ ಬದಲಾದಾಗ ಗುಂಪು ಮೇಲ್ ಸೇವೆಗಳೆಲ್ಲ ಎಡವಿದವು. ಸದಸ್ಯರ ಪತ್ರವನ್ನು ಗುಂಪಿನ ಸರ್ವರ್ ಮರುರವಾನಿಸುತ್ತದಲ್ಲ, ಅದೂ ನಕಲಿಯಂತೆಯೇ ಕಂಡಿತ್ತು. ಎಷ್ಟೋ ಸಂಸ್ಥೆಗಳು ಇಂದಿಗೂ ‘ನನ್’ ಬಿಟ್ಟು ಮುಂದೆ ಹೋಗಲು ಹಿಂಜರಿಯುವುದು ಇಂಥ ಭಯಕ್ಕೇ. ಗೂಗಲ್ ಡಾಟ್ ಕಾಮ್‌ನ ನೀತಿ ‘ರಿಜೆಕ್ಟ್’ ಇದ್ದರೂ, ಜಿಮೇಲ್ ಡಾಟ್ ಕಾಮ್‌ನದು ವರ್ಷಗಟ್ಟಲೆ ‘ನನ್’ ಎಂದೇ ಇತ್ತು. ಈಗ ಏನಿದೆ ಎಂದು ಓದುಗರೇ ಕೇಳಿ ನೋಡಬಹುದು, ಅಭ್ಯಾಸವೂ ಆದಂತಾಯಿತು.

ಡಿಮಾರ್ಕ್ ದಾಖಲೆಯೇ ಇಲ್ಲದ ದೊಡ್ಡ ಸಂಸ್ಥೆ ಕಂಡರೆ ಅಚ್ಚರಿಪಡಬೇಕು. ದಿನಕ್ಕೆ 5,000ಕ್ಕಿಂತ ಹೆಚ್ಚು ಮೇಲ್ ಜಿಮೇಲ್‌ಗೆ ಕಳಿಸುವವರಿಗೆ ಈ ಮೂರೂ ಕಡ್ಡಾಯವೆಂದು ಗೂಗಲ್ 2024ರ ಫೆಬ್ರುವರಿಯಿಂದ ಹೇಳುತ್ತಿದೆ. ಯಾಹೂ ಕೂಡ ಅದೇ ಹೊತ್ತಿಗೆ ಸಗಟು ಮೇಲ್‌ಗೆ ಇಂಥದ್ದೇ ನಿಯಮ ತಂದಿತು, ಮೈಕ್ರೋಸಾಫ್ಟ್‌ನ ಔಟ್‌ಲುಕ್ 2025ರ ಮೇ ತಿಂಗಳಲ್ಲಿ ಇವರ ಜೊತೆ ಸೇರಿತು.

ಐಪಿ ಮೇಲೆ ದೂರಿದೆಯೇ?

ಮೊದಲು, ಬರೆದಿಟ್ಟುಕೊಂಡ ಐಪಿಯ ‘ಪಿಟಿಆರ್’ ದಾಖಲೆ ಕೇಳಬೇಕು. ಇದು ಸಂಖ್ಯೆ ಕೊಟ್ಟು ಹೆಸರು ಪಡೆಯುವ ಉಲ್ಟಾ ದಾರಿ. ಸಿಕ್ಕ ಹೆಸರನ್ನು ಮತ್ತೆ ಕೇಳಿದಾಗ ಅದೇ ಐಪಿ ಬಂದರೆ ಸರಿ. ಹೆಸರೇ ಇಲ್ಲದಿದ್ದರೆ, ಅಥವಾ ಮನೆ ಬ್ರಾಡ್‌ಬ್ಯಾಂಡಿನಂಥ ಸಂಖ್ಯೆ ತುಂಬಿದ ಹೆಸರು ಬಂದರೆ, ಅದು ಮೇಲ್ ಕಳಿಸಲೆಂದು ಕಟ್ಟಿದ ಸರ್ವರ್ ಆಗಿರುವ ಸಾಧ್ಯತೆ ಕಡಿಮೆ.

ಆಮೇಲೆ ತಡೆಪಟ್ಟಿಗಳು. ಸ್ಪ್ಯಾಮ್ ಕಳಿಸುವ ಐಪಿಗಳ ಪಟ್ಟಿಯನ್ನು ಡಿಎನ್‌ಎಸ್ ಮೂಲಕ ಹಂಚಬಹುದೆಂದು 1997ರಲ್ಲಿ ಪಾಲ್ ವಿಕ್ಸಿ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಮರುವರ್ಷ ಸ್ಟೀವ್ ಲಿನ್ಫರ್ಡ್ ಆರಂಭಿಸಿದ ಸ್ಪ್ಯಾಮ್‌ಹೌಸ್ ಇಂದು ಈ ಕ್ಷೇತ್ರದ ದೊಡ್ಡ ಹೆಸರು. ಕೇಳುವ ರೀತಿ ತುಸು ವಿಚಿತ್ರ: ಐಪಿಯನ್ನು ತಿರುವುಮುರುವಾಗಿ ಬರೆಯಬೇಕು. 192.0.2.25 ಎಂಬ ವಿಳಾಸವಾದರೆ 25.2.0.192 ಎಂದು ಬರೆದು, ಚುಕ್ಕಿ ಇಟ್ಟು ‘ಝೆನ್ ಡಾಟ್ ಸ್ಪ್ಯಾಮ್‌ಹೌಸ್ ಡಾಟ್ ಆರ್ಗ್’ ಸೇರಿಸಿ ಕೇಳಬೇಕು. ‘ಅಂಥ ಹೆಸರಿಲ್ಲ’ ಎಂದು ಬಂದರೆ ಪಟ್ಟಿಯಲ್ಲಿಲ್ಲ. 127.0.0.2 ಬಂದರೆ ಸ್ಪ್ಯಾಮ್ ಮೂಲವೆಂದು ಗುರುತಾದದ್ದು, 127.0.0.4 ಬಂದರೆ ವೈರಸ್ ಹಿಡಿದ ಅಥವಾ ಬೇರೆಯವರ ವಶವಾದ ಯಂತ್ರ. 127.0.0.10 ಅಥವಾ 11 ಎಂದರೆ ಅದು ನೇರವಾಗಿ ಮೇಲ್ ಕಳಿಸಬಾರದ ಮನೆಬಳಕೆಯ ಐಪಿ. ಅದು ಆರೋಪವಲ್ಲ, ವರ್ಗೀಕರಣ ಅಷ್ಟೇ.

ಇಲ್ಲೊಂದು ಗುಂಡಿಯಿದೆ. ಗೂಗಲ್‌ನ 8.8.8.8ರಂಥ ಸಾರ್ವಜನಿಕ ಡಿಎನ್‌ಎಸ್ ಮೂಲಕ ಕೇಳಿದರೆ ಸ್ಪ್ಯಾಮ್‌ಹೌಸ್ 127.255.255.254 ಎಂದು ಉತ್ತರಿಸಬಹುದು. ಅದರ ಅರ್ಥ ‘ಈ ದಾರಿಯಲ್ಲಿ ಬಂದರೆ ಹೇಳುವುದಿಲ್ಲ’ ಎಂದೇ ಹೊರತು, ಐಪಿ ಕೆಟ್ಟದ್ದೆಂದಲ್ಲ. ಸ್ಪ್ಯಾಮ್‌ಹೌಸ್‌ನ ಜಾಲತಾಣದಲ್ಲೇ ಐಪಿ ಬರೆದು ನೋಡುವುದು ಸಾಮಾನ್ಯರಿಗೆ ಸುಲಭ. ಹಳೆಯ ಲೇಖನಗಳು ಹೆಸರಿಸುವ ಪಟ್ಟಿಗಳಲ್ಲಿ ಕೆಲವು ಸತ್ತೇ ಹೋಗಿವೆ. ಹೆಸರಾಂತ ಸೋರ್ಬ್ಸ್ 2024ರ ಜೂನ್‌ನಲ್ಲಿ ಮುಚ್ಚಿತು. ಇನ್ನು, ಗೂಗಲ್ ಅಥವಾ ಚೆನ್ನೈ ಮೂಲದ ಜೋಹೋ ಮೂಲಕ ಬಂದ ಮೇಲ್‌ನ ಐಪಿ ಆ ಕಂಪನಿಗಳದ್ದು, ಕಳಿಸಿದವರದ್ದಲ್ಲ. ಅಲ್ಲಿ ಐಪಿ ಚೊಕ್ಕವಾಗಿದ್ದ ಮಾತ್ರಕ್ಕೆ ಮನುಷ್ಯ ಚೊಕ್ಕ ಎನ್ನಲಾಗದು.

ಎಲ್ಲ ಪಾಸಾದರೂ

2024ರ ಫೆಬ್ರುವರಿಯಲ್ಲಿ ಗಾರ್ಡಿಯೊ ಲ್ಯಾಬ್ಸ್ ಎಂಬ ಭದ್ರತಾ ಸಂಸ್ಥೆ ‘ಸಬ್‌ಡೋಮೇಲಿಂಗ್’ ಎಂಬ ದೊಡ್ಡ ವಂಚನೆಯನ್ನು ಬಯಲಿಗೆಳೆಯಿತು. ಮೈಕ್ರೋಸಾಫ್ಟ್‌ನ ಎಂಎಸ್‌ಎನ್ ತಾಣದ ಒಂದು ಉಪಡೊಮೇನ್, ಹಿಂದೆಂದೋ ನಡೆಸಿದ ಸ್ಪರ್ಧೆಯೊಂದರ ಡೊಮೇನ್‌ನತ್ತ ಬೊಟ್ಟು ಮಾಡುವಂತೆಯೇ ಉಳಿದಿತ್ತು. ಆ ಹಳೆಯ ಡೊಮೇನ್ ಎರಡು ದಶಕಗಳಿಂದ ಅನಾಥ. ವಂಚಕರು ಅದನ್ನು ಕೊಂಡರು, ಅಷ್ಟೇ. ಎಂಎಸ್‌ಎನ್ ಹೆಸರಿನಲ್ಲಿ ಎಸ್‌ಪಿಎಫ್ ಪಾಸಾಗುವ ಮೇಲ್ ಹರಿಯತೊಡಗಿತು. ಹೀಗೆ 8,000ಕ್ಕೂ ಹೆಚ್ಚು ಡೊಮೇನ್‌ಗಳು ವಂಚಕರ ಕೈಸೇರಿದ್ದವು ಎಂದು ಆ ಸಂಸ್ಥೆ ಹೇಳಿತು. ದಾಖಲೆ ಬರೆದದ್ದು ಮರೆತು ಹೋದರೆ ಆಗುವುದು ಹೀಗೆ.

ಸ್ವಂತ ಡೊಮೇನ್ ಇರುವ ಅಂಗಡಿ, ಶಾಲೆ, ಸಂಘಗಳು ಇದೇ ಪರೀಕ್ಷೆಯನ್ನು ತಮ್ಮ ಮೇಲೂ ಮಾಡಿಕೊಳ್ಳಬೇಕು. ಒಂದು ಡೊಮೇನ್‌ಗೆ ಎಸ್‌ಪಿಎಫ್ ದಾಖಲೆ ಒಂದೇ ಇರಬೇಕು. ಎರಡಿದ್ದರೆ ಎರಡೂ ಕೆಲಸಕ್ಕೆ ಬಾರದು. ಅದರೊಳಗಿನ ಡಿಎನ್‌ಎಸ್ ವಿಚಾರಣೆಗಳು ಹತ್ತನ್ನು ಮೀರಬಾರದು. ಮೇಲ್‌ಗೆ ಬಳಸದ ಡೊಮೇನ್ ಇದ್ದರೆ ಎಕ್ಸಾಂಪಲ್ ಡಾಟ್ ಕಾಮ್‌ನ ದಾಖಲೆಗಳನ್ನೇ ನಕಲು ಮಾಡಿಕೊಳ್ಳಬಹುದು.

ಇನ್ನು ಹಣದ ವಿಷಯ. ವಂಚಕರೂ ಹೊಸ ಡೊಮೇನ್ ಕೊಂಡು ಮೂರೂ ದಾಖಲೆ ನೀಟಾಗಿ ಬರೆಯುತ್ತಾರೆ, ಇಲ್ಲವೇ ಪರಿಚಿತರ ಖಾತೆಗೇ ಕನ್ನ ಹಾಕಿ ಅಲ್ಲಿಂದಲೇ ಕಳಿಸುತ್ತಾರೆ. ಎರಡನೆಯದನ್ನು ಡಿಎನ್‌ಎಸ್ ಹಿಡಿಯುವುದೇ ಇಲ್ಲ. ಆದ್ದರಿಂದ ಖಾತೆ ಬದಲಾಗಿದೆ ಎಂಬ ಮೇಲ್ ಬಂದಾಗ ಆ ಮೇಲ್‌ನಲ್ಲಿರುವ ನಂಬರಿಗಲ್ಲ, ಹಳೆಯ ಬಿಲ್ಲಿನಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಿ. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿ, ‘ಶೋ ಒರಿಜಿನಲ್’ನ ಪ್ರತಿಯನ್ನು ಅಳಿಸದೆ ಇಟ್ಟುಕೊಳ್ಳಿ.