ಬಚ್ಚಲಿಗೆ ಟೈಲು ಹಾಸುವ ಲೆಕ್ಕವೂ ಕ್ರಮವೂ

ಕ್ಷೇತ್ರಫಲ, ಅನುಪಾತ, ಲಂಬಕೋನ ಇವುಗಳನ್ನು ನಮ್ಮ ವಿದ್ಯಾರ್ಥಿಗಳು ಪುಸ್ತಕದಲ್ಲಿ ಕಲಿತು, ಪರೀಕ್ಷೆಯಲ್ಲಿ ಬರೆದು, ಅಂಕವನ್ನೂ ಪಡೆಯುತ್ತಾರೆ. ಈ ಮೂರೂ ಒಟ್ಟಾಗಿ ಉಪಯೋಗಕ್ಕೆ ಬರುವ ಕೋಣೆಯೊಂದು ಪ್ರತಿ ಮನೆಯಲ್ಲಿಯೂ ಇದೆ, ಅದು ಬಚ್ಚಲು. ಟೈಲು, ಅಂಟು ಮುಂತಾದವುಗಳ ಚೀಲದ ಮೇಲಣ ಸೂಚನೆಗಳು ಕನ್ನಡದಲ್ಲಿ ಕಾಣಸಿಗುವುದು ಈ ಗಡಿನಾಡಿನಲ್ಲಿ ಅಪೂರ್ವವಾದುದರಿಂದ, ಆ ಕೆಲಸದ ಕ್ರಮವನ್ನು ಕನ್ನಡದಲ್ಲಿಯೇ ತಿಳಿಸಲು ಇಲ್ಲಿ ಯತ್ನಿಸುತ್ತೇವೆ. ಕರಣೆ ಹಿಡಿದರೆ ಕಲಿತವರ ಕೈ ಮಾಸುತ್ತದೆಂದು ಭಾವಿಸುವ ಹೆತ್ತವರು ಯಾರಾದರೂ ಇದ್ದರೆ, ಅವರು ಒಂದು ದಿನ ಮೇಸ್ತ್ರಿಯ ಪಕ್ಕದಲ್ಲಿ ನಿಂತು ಅವನ ಲೆಕ್ಕವನ್ನು ಗಮನಿಸಬೇಕೆಂದು ನಮ್ಮ ಕೋರಿಕೆ.

ಹಿಂದೆ ನಮ್ಮ ಕಡೆ ಬಚ್ಚಲು ಮನೆಯಿಂದ ಬೇರೆಯಾಗಿ, ಹಿಂಬದಿಯಲ್ಲಿ ಇರುತ್ತಿತ್ತು. ಒಲೆಯ ಮೇಲೆ ಹಂಡೆ, ಕೆಳಗೆ ಹಾಸುಗಲ್ಲು. ಮಿಂದ ನೀರು ನೇರವಾಗಿ ಬಾಳೆಯ ಬುಡಕ್ಕೆ ಹೋಗುತ್ತಿತ್ತು. ಗೋಡೆಗೆ ತೇವ ತಗಲಿದರೂ ಅದು ಬಚ್ಚಲಿನ ಗೋಡೆಯೇ ಹೊರತು ಮಲಗುವ ಕೋಣೆಯದಲ್ಲ. ಈಗ ಬಚ್ಚಲು ಮನೆಯ ಒಳಗೆ ಬಂದಿದೆ. ನಮ್ಮ ಗೋಡೆಗಳಲ್ಲಿ ಹೆಚ್ಚಿನವು ಕೆಂಪುಕಲ್ಲಿನವು. ಬುಕಾನನ್ ಎಂಬ ಬ್ರಿಟಿಷ್ ಅಧಿಕಾರಿ ಮಲಬಾರಿನ ಅಂಗಾಡಿಪುರಂನಲ್ಲಿ ಈ ಕಲ್ಲನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಅದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಆ ಲ್ಯಾಟಿನ್ ಪದದ ಮೂಲಾರ್ಥ ಇಟ್ಟಿಗೆ ಎಂದು. ಅಗೆಯುವಾಗ ಮೆದುವಾಗಿದ್ದು ಗಾಳಿಗೆ ಒಡ್ಡಿದಾಗ ಗಟ್ಟಿಯಾಗುವುದು ಈ ಕಲ್ಲಿನ ಗುಣ. ಆದರೆ ಅದರ ಮೈಯೆಲ್ಲ ರಂಧ್ರ. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಕಾಸರಗೋಡಿನಲ್ಲಿ ಹೊರಗಿನಿಂದ ಬರುವ ತೇವವೇ ಸಾಲದೆಂಬಂತೆ ಒಳಗಿನಿಂದಲೂ ನೀರು ಕುಡಿಸಿದರೆ ಆ ಗೋಡೆ ಒಣಗುವುದು ಯಾವಾಗ?

ಆದುದರಿಂದ ಮೊದಲು ತಿಳಿಯಬೇಕಾದುದು ಇಷ್ಟು: ನೀರನ್ನು ತಡೆಯುವುದು ಟೈಲಲ್ಲ, ಅದರ ಕೆಳಗಿನ ಪದರ. ಟೈಲಿನ ಸಂದುಗಳಲ್ಲಿ ಸ್ವಲ್ಪ ನೀರು ಇಳಿದೇ ಇಳಿಯುತ್ತದೆ. ನೆಲವನ್ನೂ ಗೋಡೆಯ ಬುಡದ ಒಂದು ಅಡಿಯನ್ನೂ, ಮೀಯುವ ಕಡೆ ಆಳೆತ್ತರದವರೆಗೂ, ಸಿಮೆಂಟು ಬೆರೆಸಿ ಬಳಿಯುವ ಜಲನಿರೋಧಕ ಲೇಪದಿಂದ ಎರಡು ಬಾರಿ ಬಳಿಯಬೇಕು. ಮೊದಲ ಸಲ ಅಡ್ಡಕ್ಕೆ ಬಳಿದರೆ, ಅದು ಒಣಗಿದ ಮೇಲೆ ಎರಡನೆಯದನ್ನು ಉದ್ದಕ್ಕೆ. ನೆಲವೂ ಗೋಡೆಯೂ ಸೇರುವ ಮೂಲೆಯನ್ನು ಮುಂಚಿತವಾಗಿ ಗಾರೆಯಿಂದ ಉರುಟು ಮಾಡಿಕೊಳ್ಳಬೇಕು. ಲೇಪ ಬಿರಿಯುವುದು ಹೆಚ್ಚಾಗಿ ಅಲ್ಲಿಯೇ. ಲೇಪ ಪೂರ್ತಿ ಒಣಗಿದ ಮೇಲೆ ನೀರು ಹೋಗುವ ತೂತನ್ನು ಮುಚ್ಚಿ, ಎರಡು ಅಂಗುಲ ನೀರು ನಿಲ್ಲಿಸಿ, ಮಟ್ಟವನ್ನು ಗುರುತು ಮಾಡಿ, ಒಂದು ಹಗಲು ಒಂದು ರಾತ್ರಿ ಬಿಡುವುದು. ಮಟ್ಟ ಇಳಿದರೆ ಅಥವಾ ಹೊರಗೋಡೆಯಲ್ಲಿ ತೇವ ಕಂಡರೆ ಮತ್ತೆ ಬಳಿಯಬೇಕು. ಈ ಒಂದು ದಿನದ ಕಾಯುವಿಕೆಯನ್ನು ಉಳಿಸಹೋಗಿ ಮುಂದೆ ಇಡೀ ನೆಲವನ್ನು ಒಡೆಯಬೇಕಾಗಿ ಬಂದ ಮನೆಗಳಿವೆ.

ಇನ್ನು ಇಳಿಜಾರು. 80ಕ್ಕೆ 1 ಎಂಬ ಅನುಪಾತ ಬಚ್ಚಲಿಗೆ ಸಾಕು. ಕೋಣೆಯ ಉದ್ದ 1,800 ಮಿ.ಮೀ. ಇದ್ದರೆ ಬಾಗಿಲಿನಿಂದ ತೂತಿನ ತನಕ 22 ಮಿ.ಮೀ.ಗಳಷ್ಟು ಇಳಿತ, ಕಣ್ಣಿಗೆ ಕಾಣಿಸದಷ್ಟು ಅಲ್ಪ, ಆದರೆ ನೀರಿಗೆ ಗೊತ್ತಾಗುತ್ತದೆ. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿ ಎರಡು ತುದಿಗಳನ್ನೂ ಎರಡು ಗೋಡೆಗಳಿಗೆ ಹಿಡಿದರೆ ಎರಡು ಕಡೆಯೂ ಒಂದೇ ಮಟ್ಟದ ಗುರುತು ಸಿಗುತ್ತದೆ. ಅಲ್ಲಿಂದ ಕೆಳಗೆ ಅಳೆದು ಇಳಿತವನ್ನು ಗುರುತಿಸುವುದು. ನೆಲದ ಗಾರೆಗೆ ಸಿಮೆಂಟು 1 ಪಾಲು, ಹೊಯ್ಗೆ 4 ಪಾಲು. ಸಮುದ್ರದ ಹೊಯ್ಗೆ ಹತ್ತಿರದಲ್ಲಿ ಸಿಕ್ಕುತ್ತದೆಂದು ತರಬಾರದು. ಅದರಲ್ಲಿನ ಉಪ್ಪು ಸಂದುಗಳಲ್ಲಿ ಬಿಳಿಯ ಹುಡಿಯಾಗಿ ಹೊರಬರುತ್ತದೆ, ಕಬ್ಬಿಣವನ್ನೂ ತಿನ್ನುತ್ತದೆ. ಗಾರೆಯ ಕೆಲಸ ಲೇಪಕ್ಕಿಂತ ಮೊದಲು ಮುಗಿಯಬೇಕು. ಏಳು ದಿನ ಅದನ್ನು ನೆನೆಸಿಟ್ಟು, ಬಳಿಕ ಲೇಪ ಬಳಿಯಬೇಕು.

ಟೈಲನ್ನು ಆರಿಸುವಲ್ಲಿ ನಮ್ಮ ಜನ ಹೊಳಪಿಗೆ ಮರುಳಾಗುತ್ತಾರೆ. ಗೋಡೆಗೆಂದು ಮಾಡಿದ ನುಣುಪು ಟೈಲನ್ನು ನೆಲಕ್ಕೆ ಹಾಸಿದರೆ ಸಾಬೂನಿನ ನೀರು ಬಿದ್ದಾಗ ಅದರ ಮೇಲೆ ನಿಲ್ಲುವುದು ಯುವಕರಿಗೇ ಕಷ್ಟ. ಮನೆಯ ಅಜ್ಜಿ ಅಲ್ಲಿ ಒಮ್ಮೆ ಜಾರಿದರೆ ಸೊಂಟದ ಎಲುಬು ಮುರಿಯುತ್ತದೆ. ಆ ವಯಸ್ಸಿನಲ್ಲಿ ಅನೇಕರು ಆ ಹಾಸಿಗೆಯಿಂದ ಮತ್ತೆ ಮೊದಲಿನಂತೆ ಏಳುವುದಿಲ್ಲ. ನೆಲಕ್ಕೆ ಒರಟು ಮೈಯ, 300 ಮಿ.ಮೀ. ಚೌಕ ಅಥವಾ ಅದಕ್ಕೂ ಚಿಕ್ಕ ಟೈಲೇ ಲೇಸು. ಚಿಕ್ಕದಾದಷ್ಟೂ ಸಂದುಗಳು ಹೆಚ್ಚಿ ಕಾಲಿಗೆ ಹಿಡಿತ ಸಿಗುತ್ತದೆ, ಇಳಿಜಾರಿಗೂ ಅದು ಸುಲಭವಾಗಿ ಬಗ್ಗುತ್ತದೆ. ವಿಟ್ರಿಫೈಡ್ ಟೈಲು ತನ್ನ ತೂಕದ ನೂರಕ್ಕೆ ಅರೆಪಾಲಿಗಿಂತ ಹೆಚ್ಚು ನೀರು ಹೀರುವುದಿಲ್ಲ. ಗೋಡೆಯ ಟೈಲು ಸಾಮಾನ್ಯವಾಗಿ ನೂರಕ್ಕೆ ಹತ್ತಕ್ಕೂ ಮಿಕ್ಕಿ ಹೀರುತ್ತದೆ. ಹೀರುವ ಟೈಲನ್ನು ಗಾರೆಯಲ್ಲಿ ಕೂರಿಸುವುದಾದರೆ ಮೊದಲು ನೀರಿನಲ್ಲಿ ನೆನೆಹಾಕಬೇಕು, ಇಲ್ಲವಾದರೆ ಅದು ಗಾರೆಯ ನೀರನ್ನು ಕುಡಿದುಬಿಡುತ್ತದೆ. ಚೀಲದ ಅಂಟಿನಿಂದ ಕೂರಿಸುವುದಾದರೆ ನೆನೆಹಾಕಬಾರದು.

ವಿದ್ಯಾರ್ಥಿಗಳು ಈಗ ನೋಟುಪುಸ್ತಕ ತೆಗೆಯಲಿ. ಕೋಣೆ 1,800 ಮಿ.ಮೀ. ಉದ್ದ, 1,500 ಮಿ.ಮೀ. ಅಗಲ, ಟೈಲು 300 ಮಿ.ಮೀ. ಚೌಕ. ಕ್ಷೇತ್ರಫಲ 2.7 ಚದರ ಮೀಟರು. ಒಂದು ಟೈಲಿನದು 0.09, ಭಾಗಿಸಿದರೆ 30. ಉತ್ತರ ಸರಿ. ಆದರೆ ಉದ್ದಕ್ಕೆ ಆರು ಟೈಲು ಜೋಡಿಸಹೋದರೆ ಆರನೆಯದು ಹಿಡಿಸುವುದಿಲ್ಲ! ಪ್ರತಿ ಸಂದಿಗೆ 3 ಮಿ.ಮೀ. ಬೇಕು, ಐದು ಸಂದಿಗೆ 15 ಮಿ.ಮೀ. ಎಲ್ಲಿಂದ ಬರಬೇಕು? ಕೊನೆಯ ಟೈಲಿನಿಂದ ಅಷ್ಟು ಸಪೂರವಾದ ಪಟ್ಟಿಯನ್ನು ಕತ್ತರಿಸಿ ತೆಗೆಯುವುದು ನುರಿತವರಿಗೂ ತೊಡಕು. ಮೇಸ್ತ್ರಿ ಹೀಗೆ ಮಾಡುತ್ತಾನೆ: ನಡುವೆ ಐದು ಪೂರ್ಣ ಟೈಲು, ಎರಡು ಬದಿಗೂ ಒಂದೊಂದು ತುಂಡು. ಏಳು ತುಂಡುಗಳ ನಡುವೆ ಆರು ಸಂದು, ಗೋಡೆಗಳ ಬಳಿ ಎರಡು, ಒಟ್ಟು ಎಂಟು. ಅಂದರೆ 24 ಮಿ.ಮೀ. 1,800ರಿಂದ 1,500ನ್ನೂ 24ನ್ನೂ ಕಳೆದರೆ 276. ಒಂದೊಂದು ಬದಿಗೆ 138 ಮಿ.ಮೀ. ಅಗಲದ ಕಡೆ ನಡುವೆ ನಾಲ್ಕು ಪೂರ್ಣ ಟೈಲಿಟ್ಟು ಇದೇ ಲೆಕ್ಕವನ್ನು ಮಾಡಿದರೆ ಬದಿಯ ತುಂಡು 139 ಮಿ.ಮೀ. ಚಿಲ್ಲರೆ ಬರುತ್ತದೆ. ಒಂದು ಟೈಲಿನಿಂದ ಇಂತಹ ಎರಡು ತುಂಡು ದೊರೆಯುವುದರಿಂದ, ಪೂರ್ಣವಾದವು 20, ಬದಿಗಳ ಹದಿನೆಂಟು ತುಂಡಿಗೆ 9, ನಾಲ್ಕು ಮೂಲೆಗೆ 1. ಮತ್ತೆ 30ಕ್ಕೇ ಬಂದೆವು. ಒಡೆಯುವುದಕ್ಕೆಂದು ನೂರಕ್ಕೆ ಹತ್ತರಂತೆ ಮೂರು ಸೇರಿಸಿ 33 ತರುವುದು.

ಕೋಣೆಯ ಮೂಲೆ ಲಂಬಕೋನವೆಂದು ನಂಬಬಾರದು. ನಡುವೆ ಎಳೆದ ಗೆರೆಯಲ್ಲಿ 60 ಸೆ.ಮೀ., ಅಡ್ಡಗೆರೆಯಲ್ಲಿ 80 ಸೆ.ಮೀ. ಗುರುತಿಸಿ, ಆ ಎರಡು ಗುರುತುಗಳ ಅಂತರ ಸರಿಯಾಗಿ 100 ಬಂದರೆ ಮಾತ್ರ ಗೆರೆಗಳು ಲಂಬ. ಶುಲ್ಬಸೂತ್ರಗಳ ಕಾಲದ ಯಜ್ಞವೇದಿಗೂ ನಮ್ಮ ಬಚ್ಚಲಿಗೂ ನಿಯಮ ಒಂದೇ.

ಕೂರಿಸುವ ಕೆಲಸ ಕೈಗೆ ಬೇಗ ಒಲಿಯುತ್ತದೆ. ಹಲ್ಲಿರುವ ಕರಣೆಯಿಂದ ಅಂಟನ್ನು ಒಂದೇ ದಿಕ್ಕಿಗೆ ಗೀರಿ, ಟೈಲನ್ನಿಟ್ಟು ತುಸು ಅಲುಗಿಸಿ ಒತ್ತಬೇಕು. ಆಗಾಗ ಒಂದನ್ನು ಎತ್ತಿ ಬೆನ್ನು ನೋಡುವುದು. ಅಂಟು ಎಲ್ಲೆಡೆ ಹತ್ತಿರಬೇಕು. ಒಣಗಿದ ಬಳಿಕ ನಾಣ್ಯದಿಂದ ತಟ್ಟಿದಾಗ ಪೊಳ್ಳು ಸದ್ದು ಬಂದರೆ ಅಡಿಯಲ್ಲಿ ಗಾಳಿಯಿದೆಯೆಂದರ್ಥ. ಗೋಡೆಯ ಟೈಲನ್ನು ಎರಡನೆಯ ಸಾಲಿನಿಂದ, ಮಟ್ಟ ನೋಡಿ ಹೊಡೆದ ರೀಪಿನ ಮೇಲೆ ಆರಂಭಿಸಿ, ನೆಲ ಮುಗಿದ ಮೇಲೆ ಬುಡದ ಸಾಲನ್ನು ಕೂರಿಸಿದರೆ ಅದು ನೆಲದ ಟೈಲಿನ ಮೇಲೆ ಕುಳಿತುಕೊಳ್ಳುತ್ತದೆ. ಆಗ ಗೋಡೆಯಲ್ಲಿ ಇಳಿದ ನೀರು ಹಿಂದಕ್ಕೆ ನುಗ್ಗುವುದಿಲ್ಲ. ಒಂದು ದಿನ ಕಳೆದು ಸಂದುಗಳಿಗೆ ಹುಡಿಯನ್ನು ಕಲಸಿ ತುಂಬುವುದು.

ಮಕ್ಕಳಿಗೆ ಒಪ್ಪಿಸಬಾರದ ಕೆಲಸಗಳೂ ಇದರಲ್ಲಿವೆ. ವಿದ್ಯುತ್ತಿನಿಂದ ತಿರುಗುವ ಕತ್ತರಿಸುವ ಯಂತ್ರವನ್ನು ಹಿರಿಯರೇ ಮುಟ್ಟಬೇಕು, ಅದೂ ಕನ್ನಡಕವನ್ನೂ ಧೂಳು ತಡೆಯುವ ಮುಖವಾಡವನ್ನೂ ಧರಿಸಿ; ಆ ಧೂಳಿನಲ್ಲಿರುವ ಸಿಲಿಕ ಶ್ವಾಸಕೋಶದಲ್ಲಿ ನೆಲಸಿದರೆ ಹೊರಬರುವುದಿಲ್ಲ. ಗೀರಿ ಮುರಿಯುವ ಕೈಯಂತ್ರ ಧೂಳೆಬ್ಬಿಸದು, ಮನೆಯ ಕೆಲಸಕ್ಕೆ ಅದು ಸಾಕು. ಹಸಿ ಸಿಮೆಂಟು ತೀವ್ರ ಕ್ಷಾರ. ಬರಿಗೈಯಲ್ಲಿ ಗಂಟೆಗಟ್ಟಲೆ ಕಲಸಿದರೆ ಚರ್ಮ ಸುಡುತ್ತದೆ, ಮತ್ತು ಆ ಹೊತ್ತಿಗೆ ನೋವು ಗೊತ್ತಾಗದಿರುವುದೇ ಅಪಾಯ. ರಬ್ಬರಿನ ಕೈಚೀಲ ಕಡ್ಡಾಯ. ಕಣ್ಣಿಗೆ ಸಿಡಿದರೆ ಶುದ್ಧ ನೀರಿನಿಂದ ಇಪ್ಪತ್ತು ನಿಮಿಷ ತೊಳೆದು ಕೂಡಲೇ ವೈದ್ಯರಲ್ಲಿಗೆ ಹೋಗುವುದು. ಬಿಸಿನೀರಿನ ಯಂತ್ರದ ತಂತಿಗಳನ್ನು ವಿದ್ಯುತ್ ಕೆಲಸದವರಿಗೇ ಬಿಡಬೇಕು.

ಕೆಲಸ ಮುಗಿದ ಮೇಲೆ ಒಂದು ವಾರ ಬಾವಿಕಟ್ಟೆಯಲ್ಲಿ ಮೀಯುವುದು ಕ್ಷೇಮ. ಉಳಿದ ಮೂರು ಟೈಲುಗಳನ್ನು ಎಸೆಯದೆ, ಪೆಟ್ಟಿಗೆಯ ಮೇಲಿರುವ ಬಣ್ಣದ ಸಂಖ್ಯೆಯೊಡನೆ ಅಟ್ಟದಲ್ಲಿ ಇಡುವುದು. ಮುಂದೊಮ್ಮೆ ಒಂದು ಟೈಲು ಒಡೆದಾಗ ಅದೇ ಬಣ್ಣ ಅಂಗಡಿಯಲ್ಲಿ ಸಿಗುವುದು ದುರ್ಲಭ.