‘ಡೊನೇಷನ್’ ಎಂಬ ಶಬ್ದದ ವಿಚಾರ

ಒಮ್ಮೆ ಎಂಟನೆಯ ತರಗತಿಯಲ್ಲಿ ಭಾಷಾಂತರದ ಪಾಠ ನಡೆದಿದ್ದಾಗ, ‘ಡೊನೇಷನ್’ ಎಂಬ ಇಂಗ್ಲಿಷ್ ಶಬ್ದದ ಅರ್ಥವೇನೆಂದು ನಾವು ಕೇಳಿದೆವು. ‘ದಾನ’ ಎಂಬ ಉತ್ತರವನ್ನು ನಿರೀಕ್ಷಿಸಿದ್ದೆವು. ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಶಾಲೆಯಲ್ಲಿ ಸೀಟು ಸಿಗಬೇಕಾದರೆ ಕಟ್ಟುವ ಹಣ, ಸರ್” ಎಂದಳು. ಯಾರೂ ನಗಲಿಲ್ಲ. ಆ ಹಣ ಕಟ್ಟಲಾರದೆ ಅವಳ ತಮ್ಮನು ಬೇರೊಂದು ಶಾಲೆಯ ಬಾಗಿಲಿನಿಂದ ಹಿಂದಿರುಗಿದ್ದನೆಂದು ಅನಂತರ ತಿಳಿಯಿತು. ಆದುದರಿಂದ ಈ ಶಬ್ದದ ಹುಟ್ಟನ್ನೂ ನಡತೆಯನ್ನೂ ಇಲ್ಲಿ ಸ್ವಲ್ಪ ವಿಚಾರಿಸೋಣ.

ಇದು ಮೂಲತಃ ಲ್ಯಾಟಿನ್ ಶಬ್ದ. ಆ ಭಾಷೆಯಲ್ಲಿ ‘ಡೋನುಮ್’ ಎಂದರೆ ಕಾಣಿಕೆ, ‘ಡೋನಾರೆ’ ಎಂದರೆ ಕಾಣಿಕೆಯಾಗಿ ಕೊಡುವುದು. ಫ್ರೆಂಚಿನ ಮೂಲಕ ಬಂದ ‘ಡೊನೇಷನ್’ 15ನೆಯ ಶತಮಾನದಲ್ಲಿ ಇಂಗ್ಲಿಷಿನಲ್ಲಿ ಬಳಕೆಗೆ ಬಂದಿತು. ‘ಡೊನೇಟ್’ ಎಂಬ ಕ್ರಿಯಾಪದವಾದರೋ 18ನೆಯ ಶತಮಾನದ ಕೊನೆಯ ಭಾಗದಲ್ಲಿ, ಅಮೆರಿಕದಲ್ಲಿ, ಆ ನಾಮಪದದಿಂದಲೇ ಹುಟ್ಟಿದುದು.

ಸಂಸ್ಕೃತದ ‘ದಾ’ ಧಾತುವೂ ಲ್ಯಾಟಿನ್ನಿನ ಈ ಶಬ್ದಗಳೂ ಒಂದೇ ಪ್ರಾಚೀನ ಮೂಲದಿಂದ ಕವಲೊಡೆದವು. ನಮ್ಮ ದಾನ, ದತ್ತಿ, ದಾತೃ ಎಂಬ ಶಬ್ದಗಳು ‘ಡೊನೇಷನ್’ಗೆ ದಾಯಾದಿಗಳು. ಔಷಧದ ‘ಡೋಸು’ ಗ್ರೀಕಿನಲ್ಲಿ ‘ಕೊಡುವಿಕೆ’ ಎಂದಾಗಿತ್ತು. ರೋಮನರು ಪತ್ರವನ್ನು ಎಲ್ಲಿ, ಎಂದು ಕೊಟ್ಟೆವೆಂಬುದನ್ನು ‘ಕೊಡಲ್ಪಟ್ಟುದು’ ಎಂಬ ಪದದೊಡನೆ ಬರೆಯುತ್ತಿದ್ದರು. ಅದರಿಂದ ‘ಡೇಟು’ ಬಂದಿತು. ವರದಕ್ಷಿಣೆಯ ‘ಡೌರಿ’ಯೂ ಇದೇ ಮನೆತನದ್ದು. ಅಚ್ಚಗನ್ನಡದ ‘ಕೊಡು’, ‘ಕೊಡುಗೆ’ಗಳ ಮನೆತನ ಮಾತ್ರ ಬೇರೆ; ಅವುಗಳ ಬಂಧುಗಳು ತಮಿಳು, ಮಲಯಾಳಗಳಲ್ಲಿವೆ.

ಹಾಗಾದರೆ ಕೊಟ್ಟುದೆಲ್ಲವೂ ದಾನವೇ? ವಿದ್ಯಾರ್ಥಿಗಳು ಚತುರ್ಥೀ ವಿಭಕ್ತಿಯ ಕಾರಕಾರ್ಥವನ್ನು ‘ಸಂಪ್ರದಾನ’ವೆಂದು ಕಲಿತಿದ್ದಾರೆ. ಇಂಗ್ಲಿಷಿನಲ್ಲಿ ಆ ವಿಭಕ್ತಿಗಿರುವ ‘ಡೇಟಿವ್’ ಎಂಬ ಹೆಸರೂ ‘ಕೊಡು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದಲೇ ಬಂದಿದೆ. ಸಂಸ್ಕೃತ ವೈಯಾಕರಣರು ಇಲ್ಲಿ ಒಂದು ಸೂಕ್ಷ್ಮವನ್ನು ಚರ್ಚಿಸಿದ್ದಾರೆ. ಅಗಸನಿಗೆ ಬಟ್ಟೆ ಕೊಡುತ್ತೇವೆ; ಆದರೆ ಅದು ಒಗೆದು ಹಿಂದಿರುಗಬೇಕಾದುದು, ಅದರ ಮೇಲಿನ ಹಕ್ಕನ್ನು ನಾವು ಬಿಟ್ಟಿಲ್ಲ. ಆದುದರಿಂದ ಅದು ನಿಜವಾದ ದಾನವಲ್ಲ. ತನ್ನ ಹಕ್ಕನ್ನು ತೊರೆದು, ಅದು ಇನ್ನೊಬ್ಬರ ಹಕ್ಕಾಗುವಂತೆ ಕೊಡುವುದೇ ದಾನ.

ಈ ಒರೆಗಲ್ಲಿಗೆ ನಮ್ಮ ನಗರಗಳ ‘ಡೊನೇಷನ್’ ಅನ್ನು ಹಚ್ಚಿ ನೋಡೋಣ. ತಂದೆಯು ಹಣವನ್ನೇನೋ ತೊರೆಯುತ್ತಾನೆ. ಆದರೆ ಅದಕ್ಕೆ ಪ್ರತಿಯಾಗಿ ಸೀಟನ್ನು ಪಡೆಯುತ್ತಾನೆ. ಕೊಡದಿದ್ದರೆ ಸೀಟಿಲ್ಲ. ಸ್ವಂತ ಇಚ್ಛೆಯಿಲ್ಲದ, ಪ್ರತಿಫಲಕ್ಕಾಗಿ ತೆತ್ತ ಹಣವು ದಾನವಾಗದು, ಬೆಲೆಯಾಗುತ್ತದೆ. ‘ಡೌರಿ’ಯ ಗತಿಯೂ ಇದೇ ಆಯಿತು: ಕೊಡುವವರ ಪ್ರೀತಿಯ ಹೆಸರು ಕೇಳುವವರ ಬೇಡಿಕೆಯ ಹೆಸರಾಯಿತು.

ಕಾನೂನಿಗೂ ಈ ವೇಷ ತಿಳಿದಿದೆ. ಪ್ರವೇಶಕ್ಕಾಗಿ ಪಡೆಯುವ ಇಂತಹ ಹಣವನ್ನು ಮಹಾರಾಷ್ಟ್ರವು 1987ರ ಅಧಿನಿಯಮದಿಂದ ನಿಷೇಧಿಸಿತು. 2009ರ ಶಿಕ್ಷಣ ಹಕ್ಕಿನ ಅಧಿನಿಯಮವು, ಶಾಲೆಯು ಪ್ರಕಟಿಸಿದ ಶುಲ್ಕವಲ್ಲದೆ ಪಡೆಯುವ ಯಾವುದೇ ದೇಣಿಗೆ, ವಂತಿಗೆ ಅಥವಾ ಪಾವತಿಯನ್ನು ‘ಕ್ಯಾಪಿಟೇಷನ್ ಶುಲ್ಕ’ವೆಂದು ಕರೆದು, ಪ್ರವೇಶದ ವೇಳೆ ಅದನ್ನು ವಸೂಲು ಮಾಡಕೂಡದೆಂದು ವಿಧಿಸಿದೆ. ದೇಣಿಗೆಯೆಂದು ಹೆಸರಿಟ್ಟ ಮಾತ್ರಕ್ಕೆ ಅದು ದೇಣಿಗೆಯಾಗುವುದಿಲ್ಲ.

ಪರನಾಡಿನ ಕನ್ನಡ ಶಾಲೆಗಳಿಗೆ ನಿಜವಾದ ಕೊಡುಗೆಯ ಬೆಲೆ ಗೊತ್ತು. ತನ್ನ ಮಕ್ಕಳ ಓದು ಮುಗಿದ ಮೇಲೆಯೂ ಒಬ್ಬ ದುಡಿಮೆಗಾರನು ಬೇರೆ ಮಕ್ಕಳ ಪುಸ್ತಕಗಳಿಗೆಂದು ಹತ್ತು ರೂಪಾಯಿ ಕೊಟ್ಟರೆ, ಅದು ವೈಯಾಕರಣರ ಒರೆಗಲ್ಲಿನಲ್ಲಿಯೂ ದಾನವೇ.

ಅಂದು ನಾವು ಆ ಹುಡುಗಿಯ ಉತ್ತರವನ್ನು ತಪ್ಪೆನ್ನಲಿಲ್ಲ. ಕಪ್ಪುಹಲಗೆಯ ಮೇಲೆ ‘ಡೊನೇಷನ್: ದಾನ, ಕೊಡುಗೆ’ ಎಂದು ಬರೆದೆವು. ಅವಳು ಹೇಳಿದ ಹಣಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ತರಗತಿಯನ್ನೇ ಕೇಳಿದೆವು. ‘ಸೀಟಿನ ಬೆಲೆ’ ಎಂದು ಹಿಂದಿನ ಸಾಲಿನಿಂದ ಉತ್ತರ ಬಂದಿತು. ಅದನ್ನು ಬೇರೆ ಸಾಲಿನಲ್ಲಿ ಬರೆದೆವು.