ಇಂದಿನ ಧಮ್ಮ ಚಿಂತನೆ: 13 ಸೆಕೆಂಡಿನ ಓಟ





ಎರಡು ಮೋಟಾರು ದೋಣಿಗಳು ನೀರಿನ ಮೇಲೆ ಅಕ್ಕಪಕ್ಕದಲ್ಲಿ ನೇರವಾಗಿ ನುಗ್ಗುವ ವಿದೇಶದ ಪಂದ್ಯಗಳ ವಿಡಿಯೋಗಳನ್ನು ನಮ್ಮ ಹುಡುಗರು ಮೊಬೈಲಿನಲ್ಲಿ ನೋಡುತ್ತಾರೆ. ತಿರುವಿಲ್ಲ, ಸುತ್ತಿಲ್ಲ, ಕೆಲವೇ ಸೆಕೆಂಡಿನಲ್ಲಿ ಸೋಲು ಗೆಲುವು. ನಮ್ಮ ನಾಡಿನಲ್ಲಿ ಅದಕ್ಕೆ ಹತ್ತಿರದ್ದು ಕರಾವಳಿಯ ಕಂಬಳ. ಹುಣಸೂರು ಸೀಮೆಯವನಾದ ನನಗೆ ಎತ್ತಿನಗಾಡಿ ಓಟ ಗೊತ್ತಿತ್ತು, ಕಂಬಳ ಗೊತ್ತಿರಲಿಲ್ಲ. ದಕ್ಷಿಣ ಕನ್ನಡದಲ್ಲಿ ಮೇಷ್ಟ್ರಾಗಿರುವ ಗೆಳೆಯರೊಬ್ಬರು ಕರೆದರು. ಬಂದು ನೋಡಿ ಎನ್ನುವುದು ಧಮ್ಮದ ಕರೆಯೂ ಹೌದಲ್ಲ ಎಂದುಕೊಂಡು ಮೊದಲ ಸಲ ಹೋದೆ.

ಕೆಸರುನೀರು ತುಂಬಿದ ಎರಡು ಓಟದ ಹಾದಿಗಳು. ಇವಕ್ಕೆ ಜೋಡುಕರೆ ಎನ್ನುತ್ತಾರೆ. ಹಗ್ಗ, ನೇಗಿಲು, ಅಡ್ಡಹಲಗೆ, ಕನೆಹಲಗೆ ಎಂದು ವಿಭಾಗಗಳು. ಕನೆಹಲಗೆಯಲ್ಲಿ ವೇಗ ಲೆಕ್ಕಕ್ಕಿಲ್ಲ. ತೂತಿರುವ ಹಲಗೆಯಿಂದ ಚಿಮ್ಮಿದ ನೀರು ಮೇಲೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ಉಳಿದವುಗಳಲ್ಲಿ ಸೆಕೆಂಡಿನ ನೂರನೇ ಒಂದು ಭಾಗವೂ ಲೆಕ್ಕವೇ. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡಿನಲ್ಲಿ ಮುಟ್ಟಿದ್ದು ಪ್ರಪಂಚಕ್ಕೆಲ್ಲ ಸುದ್ದಿಯಾಯಿತು.

ಕೋಣಗಳು ನನ್ನ ಮುಂದೆ ಹಾದಾಗ ಮೈ ಜುಮ್ಮೆಂದಿತು, ಸುಳ್ಳೇಕೆ ಹೇಳಲಿ. ಆದರೆ ಒಂದನ್ನು ಗಮನಿಸಿದೆ. ಓಟ ನಡೆಯುವಾಗ ಎಲ್ಲರ ಕಣ್ಣೂ ಗುರಿಯ ಮೇಲೆ. ಕೋಣದ ಬೆನ್ನು ಕಾಣುವುದೇ ಇಲ್ಲ. ಓಟ ಮುಗಿದು ಅದು ಏದುಸಿರು ಬಿಡುತ್ತಾ ನಿಂತಾಗಲೇ ಬೆತ್ತದ ಬಾಸುಂಡೆ ಕಾಣುವುದು.

ಸಂಜೆ ಗೆಳೆಯರು ಇನ್ನೊಂದು ಸಂಗತಿ ಹೇಳಿದರು. ಹಿಂದೆ ಕಂಬಳದ ಹಿಂದಿನ ರಾತ್ರಿ ಕೊರಗ ಸಮುದಾಯದವರು ಗದ್ದೆಯ ಬಳಿ ಡೋಲು ಬಾರಿಸುತ್ತಾ ಮಂಜಿನಲ್ಲಿ ಕೂರಬೇಕಿತ್ತು. ಅದಕ್ಕೆ 'ಪನಿಕುಲ್ಲುನಿ' ಎಂದು ಹೆಸರು. ಕೋಣಗಳಿಗಿಂತ ಮೊದಲು ಕೊರಗರನ್ನೇ ಕೋಣಗಳಂತೆ ಓಡಿಸುವ ಪದ್ಧತಿಯೂ ಇತ್ತು. ಕರ್ನಾಟಕ ಸರ್ಕಾರ 2000ದಲ್ಲಿ ಅಜಲು ಪದ್ಧತಿ ನಿಷೇಧ ಕಾಯ್ದೆ ತಂದು ಇದನ್ನು ಅಪರಾಧವೆಂದಿತು.

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಮನುಷ್ಯರನ್ನು ಓಡಿಸಿದ್ದೂ ಸಂಪ್ರದಾಯದ ಹೆಸರಿನಲ್ಲೇ. ಕಾಯ್ದೆ ಅದನ್ನು ನಿಷೇಧಿಸಿತು. ಕಂಬಳ ಸತ್ತುಹೋಯಿತೇ? ಇಲ್ಲ. ಈಗಲೂ ಸಾವಿರಾರು ಜನ ಸೇರುತ್ತಾರೆ. ಹಾಗಾದರೆ "ಏಟಿಲ್ಲದೆ ಓಟವಿಲ್ಲ" ಎನ್ನುವವರ ಮಾತನ್ನೂ ನಾವು ಪರೀಕ್ಷಿಸಬಹುದು. ಒಂದು ಕ್ರೌರ್ಯ ಕಳಚಿದರೂ ಉಳಿದ ಆಟ, ಇನ್ನೊಂದು ಕಳಚಿದರೂ ಉಳಿದೀತು.

2014ರ ಸುಪ್ರೀಂ ಕೋರ್ಟ್ ತೀರ್ಪಿನ ಹಿನ್ನೆಲೆಯಲ್ಲಿ ಕಂಬಳಕ್ಕೆ ತಡೆ ಬಂತು. 2017ರಲ್ಲಿ ರಾಜ್ಯ ಕಾಯ್ದೆ ತಿದ್ದಿ ಕಂಬಳಕ್ಕೂ ಎತ್ತಿನಗಾಡಿ ಓಟಕ್ಕೂ ಅವಕಾಶ ಕೊಟ್ಟಿತು. 2023ರ ಮೇ 18ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಕಾನೂನಿನ ಮಾತು ಅಲ್ಲಿಗೆ ಮುಗಿಯಿತು. ಶೀಲದ ಮಾತು ಅಲ್ಲಿಂದ ಶುರುವಾಗುತ್ತದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಸಕಲ ಜೀವಿಗಳಿಗೆ ಕರುಣೆ ತೋರುವ ಪ್ರತಿಜ್ಞೆಯೂ ಇದೆ. ಪ್ರಾಣಿಗಿಂತ ಕಡೆಯಾಗಿ ಕಂಡ ಜನ ನಾವು. ಏಟಿನ ಉರಿ ಏನೆಂದು ನಮಗೆ ಯಾರೂ ಪಾಠ ಮಾಡಬೇಕಿಲ್ಲ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಕಡೆಯ ಗಾಡಿ ಓಟಗಳಲ್ಲಿ ನಮ್ಮ ಕೇರಿಯ ಹುಡುಗರೂ ಹಗ್ಗ ಹಿಡಿಯುತ್ತಾರೆ. ಗೆದ್ದರೆ ಹಾರ ಹಾಕೋಣ. ಅದಕ್ಕೂ ಮೊದಲು, ಅವರ ಕೋಲಿನ ತುದಿಯಲ್ಲಿ ಮೊಳೆ ಇದೆಯೇ, ಎತ್ತಿನ ಬಾಲ ತಿರುಚಿದ್ದಾರೆಯೇ ನೋಡೋಣ. ಇದ್ದರೆ ಬೈಯದೆ, ಪಕ್ಕಕ್ಕೆ ಕರೆದು ಹೇಳೋಣ.

ಭಾನುವಾರದ ಅಧ್ಯಯನಕ್ಕೆ ಪ್ರಶ್ನೆ: ನಾವು ಸಂತೋಷಪಡುವ ಯಾವ ಆಟದಲ್ಲಿ, ಯಾರ ನೋವು ನಮ್ಮ ಕಣ್ಣಿಗೆ ಬೀಳುತ್ತಿಲ್ಲ?

ಎಲ್ಲರಿಗೂ ಮಂಗಳವಾಗಲಿ. ಜೈಭೀಮ್.